ಇಂಗ್ಲಿಷಿನಲ್ಲಿ ವಾರದ ದಿನಗಳನ್ನು ಬಳಸುವ ಕ್ರಮ

ಇಂಗ್ಲಿಷಿನಲ್ಲಿ ವಾರದ ಹೆಸರಿನ ಹಿಂದೆ ಸಾಮಾನ್ಯವಾಗಿ ‘ಎ’ ಅಥವಾ ‘ದ’ ಬರುವುದಿಲ್ಲ. ಬರುವ ಸೋಮವಾರ ಮಂಡ್ಯಕ್ಕೆ ಹೋಗುವುದಿದ್ದರೆ ‘ಆನ್ ಮಂಡೇ’ ಎಂದರೆ ಸಾಕು. ವಾರವಾರವೂ ಮರುಕಳಿಸುವ ಸಂಗತಿಗೆ ಬಹುವಚನ ಹೊಂದುತ್ತದೆ: ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ ಇರುವುದರಿಂದ ‘ದ ಝೂ ಈಸ್ ಕ್ಲೋಸ್ಡ್ ಆನ್ ಟ್ಯೂಸ್‌ಡೇಸ್’ ಎಂದು ಬರೆಯಬೇಕು. ‘ಎವ್ರಿ’ ಬಳಸಿದಲ್ಲಿ ಏಕವಚನವೇ ಸರಿ. ‘ಎವ್ರಿ ಟ್ಯೂಸ್‌ಡೇಸ್’ ಎಂಬುದು ಎಷ್ಟೇ ರೂಢಿಯಾಗಿ ಕೇಳಿಸಿದರೂ ತಪ್ಪು ಪ್ರಯೋಗ.

ಹೆಚ್ಚು ಗೊಂದಲವಿರುವುದು ‘ದ’ ವಿಷಯದಲ್ಲಿ. ಯಾವ ದಿನವೆಂದು ಗುರುತಿಸುವ ವಿಶೇಷಣ ಜೊತೆಗಿದ್ದಾಗ ಅದು ಅಗತ್ಯವಾಗುತ್ತದೆ. ಆದ್ದರಿಂದಲೇ ಚಾಮುಂಡಿ ಬೆಟ್ಟದಲ್ಲಿ ಜನ ನೆರೆಯುವ ಆಷಾಢದ ಮೊದಲ ಶುಕ್ರವಾರವನ್ನು ‘ಆನ್ ದ ಫಸ್ಟ್ ಫ್ರೈಡೇ ಆಫ್ ಆಷಾಢ’ ಎನ್ನುತ್ತೇವೆ. ಯಾವುದೋ ಒಂದು ಶುಕ್ರವಾರ ಎಂದಷ್ಟೇ ಹೇಳುವುದಿದ್ದರೆ ‘ಆನ್ ಎ ಫ್ರೈಡೇ’ ಆಗುತ್ತದೆ.