ಪೈಥಾನ್ 3.12ಕ್ಕೆ ಸೈಕೋಪಿಜಿ2 ಹಾಕಿಕೊಂಡಿದ್ದು ಹೀಗೆ

ನಾನು ಕೆಲಸ ಮಾಡುವುದು ಉಬುಂಟು 22.04ರಲ್ಲಿ. ಅದರ ಜೊತೆ ಬರುವುದು ಪೈಥಾನ್ 3.10. ಪ್ರಾಜೆಕ್ಟಿಗೆ 3.12 ಬೇಕಿತ್ತು, ಡೆಡ್‌ಸ್ನೇಕ್ಸ್ ಪಿಪಿಎಯಿಂದ (ಉಬುಂಟುವಿಗೆ ಬೇರೆ ಬೇರೆ ಪೈಥಾನ್ ವರ್ಷನ್ ಕೊಡುವ ಹೊರಗಿನ ಪ್ಯಾಕೇಜ್ ಭಂಡಾರ) ತಂದು ಪಕ್ಕದಲ್ಲೇ ಹಾಕಿಕೊಂಡೆ. ಹಳೆಯ 3.10ನ್ನು ಮುಟ್ಟಲೇ ಇಲ್ಲ, ಉಬುಂಟುವಿನ ಎಷ್ಟೋ ಟೂಲ್‌ಗಳು ನಡೆಯುವುದೇ ಅದರ ಮೇಲೆ.

ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಕನೆಕ್ಟ್ ಆಗಲು ಸೈಕೋಪಿಜಿ2 ಅನ್ನುವ ಪೈಥಾನ್ ಲೈಬ್ರರಿ ಬೇಕು. ಉಬುಂಟುವಿನ ಪ್ಯಾಕೇಜ್ ಟೂಲ್ ಆಪ್ಟ್‌ನಿಂದ ಹಾಕಿದ್ದು ಆಗಲೇ ಇತ್ತು, 3.10ರಲ್ಲಿ ಸರಿಯಾಗಿ ಇಂಪೋರ್ಟ್ ಆಗುತ್ತಿತ್ತು. ಅದೇ ಸಾಲನ್ನು 3.12ರಲ್ಲಿ ಓಡಿಸಿದರೆ ‘ಸೈಕೋಪಿಜಿ2._ಸೈಕೋಪಿಜಿ’ ಅನ್ನುವ ಮಾಡ್ಯೂಲೇ ಇಲ್ಲ ಅಂತ ಎರರ್. ಫೋಲ್ಡರ್ ಕಣ್ಣೆದುರಿಗೇ ಇದೆ, ಆದರೂ ಇಲ್ಲ ಅನ್ನುತ್ತದಲ್ವಾ? ಒಳಗೆ ಹೋಗಿ ನೋಡಿದೆ. ಈ ಲೈಬ್ರರಿಯ ಮುಖ್ಯ ಭಾಗ ಸಿ ಭಾಷೆಯಲ್ಲಿದೆ, ಅದು ಕಂಪೈಲ್ ಆಗಿ ಒಂದು .ಎಸ್‌ಒ ಫೈಲಾಗಿ ಕೂತಿರುತ್ತದೆ, ಅದರ ಹೆಸರಿನಲ್ಲೇ ‘ಸಿಪೈಥಾನ್-310’ ಅಂತ ಬರೆದಿರುತ್ತದೆ. 3.12 ಹುಡುಕುವುದು 312 ಅಂತ ಇರುವ ಫೈಲನ್ನು. ಸುಮ್ನೆ ಆ ಫೈಲಿನ ಹೆಸರು ಬದಲಿಸುವ ಸಾಹಸ ಮಾತ್ರ ಬೇಡ, ಒಳಗಿನ ಕೋಡ್ 3.10ಕ್ಕೇ ಕಟ್ಟಿದ್ದು.

ಹಾಗಾಗಿ 3.12ರಿಂದಲೇ ಬೇರೆ ವರ್ಚುವಲ್ ಎನ್ವಿರಾನ್‌ಮೆಂಟ್ (ಈ ಪ್ರಾಜೆಕ್ಟಿನ ಲೈಬ್ರರಿಗಳಿಗೇ ಮೀಸಲಾದ ಜಾಗ) ಮಾಡಿದೆ. ಲೈಬ್ರರಿ ಹಾಕುವ ಟೂಲ್ ಪಿಪ್. ವರ್ಚುವಲ್ ಎನ್ವಿರಾನ್‌ಮೆಂಟ್ ಒಳಗೂ ಬರೀ ‘ಪಿಪ್’ ಅಂತ ಟೈಪ್ ಮಾಡುವುದಿಲ್ಲ, ‘ಪೈಥಾನ್ -ಎಂ ಪಿಪ್’ ಅಂತಲೇ ಹಾಕುತ್ತೇನೆ. ಯಾವ ಪೈಥಾನ್ ಬಳಸುತ್ತೇವೋ ಅದರಿಂದಲೇ ಪಿಪ್ ಓಡಿಸಿದರೆ ಲೈಬ್ರರಿ ಬೇರೆ ವರ್ಷನ್ನಿಗೆ ಹೋಗುವ ಪ್ರಶ್ನೆಯೇ ಇಲ್ಲ.

ಸುಲಭದ ದಾರಿ ಸೈಕೋಪಿಜಿ2-ಬೈನರಿ. 2.9.9ರಿಂದ ಅದರಲ್ಲಿ 3.12ಕ್ಕೆ ರೆಡಿ ವೀಲ್ (ಮೊದಲೇ ಕಂಪೈಲ್ ಮಾಡಿಟ್ಟ ಪ್ಯಾಕೇಜ್) ಇದೆ, ಕಂಪೈಲರ್ ಬೇಡ. ಕಲಿಯಲು, ಟೆಸ್ಟ್ ಮಾಡಲು ಅದೇ ಸಾಕು. ಆದರೆ ಅದು ತನ್ನದೇ ಲಿಬ್‌ಪಿಕ್ಯೂ (ಪೋಸ್ಟ್‌ಗ್ರೆಸ್ ಜೊತೆ ಮಾತಾಡುವ ಸಿ ಲೈಬ್ರರಿ), ಓಪನ್‌ಎಸ್‌ಎಸ್‌ಎಲ್ (ಎನ್‌ಕ್ರಿಪ್ಷನ್ ಲೈಬ್ರರಿ) ಹೊತ್ತು ತರುತ್ತದೆ, ಆಪ್ಟ್‌ನಲ್ಲಿ ಬರುವ ಸೆಕ್ಯುರಿಟಿ ಅಪ್‌ಡೇಟ್ ಅದಕ್ಕೆ ತಲುಪುವುದಿಲ್ಲ. ಪ್ರೊಡಕ್ಷನ್‌ಗೆ ಸೋರ್ಸ್‌ನಿಂದ ಬಿಲ್ಡ್ ಮಾಡಿ ಅಂತ ಸೈಕೋಪಿಜಿಯವರೇ ಹೇಳುತ್ತಾರೆ, ನಾನೂ ಹಾಗೇ ಮಾಡಿದೆ.

ಅದಕ್ಕೆ ಬೇಕಾದದ್ದು ಜಿಸಿಸಿ (ಸಿ ಕಂಪೈಲರ್), ಲಿಬ್‌ಪಿಕ್ಯೂ-ಡೆವ್ ಮತ್ತು ಪೈಥಾನ್3.12-ಡೆವ್. ಲಿಬ್‌ಪಿಕ್ಯೂ-ಡೆವ್ ಇಲ್ಲದಿದ್ದರೆ ‘ಪಿಜಿ_ಕಾನ್ಫಿಗ್ ಸಿಗಲಿಲ್ಲ’ ಅಂತ ನಿಲ್ಲುತ್ತದೆ. ಜಾಸ್ತಿ ಜನ ಎಡವುವುದು ಮೂರನೆಯದರಲ್ಲಿ. ಅಲ್ಲಿ ಇಲ್ಲಿ ನೋಡಿ ಬರೀ ‘ಪೈಥಾನ್3-ಡೆವ್’ ಹಾಕುತ್ತಾರೆ, ಅದು 22.04ರಲ್ಲಿ ಕೊಡುವುದು 3.10ರ ಹೆಡರ್‌ಗಳನ್ನು (ಸಿ ಕೋಡ್ ಕಂಪೈಲ್ ಮಾಡಲು ಬೇಕಾದ ಫೈಲ್‌ಗಳು), ಆಮೇಲೆ ‘ಪೈಥಾನ್.ಎಚ್ ಇಲ್ಲ’ ಅಂತ ಎರರ್ ಬಂದಾಗ ಹಾಕಿದ್ದೀನಲ್ಲ ಅಂತ ತಲೆ ಕೆಡಿಸಿಕೊಳ್ಳುತ್ತಾರೆ.

ಬಿಲ್ಡ್ ಮುಗಿದ ಮೇಲೆ ಸೈಕೋಪಿಜಿ2 ಇಂಪೋರ್ಟ್ ಮಾಡಿ ಅದರ __ಲಿಬ್‌ಪಿಕ್ಯೂ_ವರ್ಷನ್__ ಪ್ರಿಂಟ್ ಮಾಡಿದೆ. 14ರಿಂದ ಶುರುವಾಗುವ ಸಂಖ್ಯೆ ಬಂತು, ಅಂದರೆ 22.04ರ ಸ್ವಂತ ಲಿಬ್‌ಪಿಕ್ಯೂ ಜೊತೆಗೇ ಬಿಲ್ಡ್ ಆಗಿದೆ.