ತೂಕದ ಚೀಟಿ ಮತ್ತು ಪಾಪನಿವೇದನೆ

ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ನಾನು ರೈಟರ್. ಕುಯ್ಲಿನ ಕಾಲದಲ್ಲಿ ಸಂಜೆ ಹಣ್ಣು ತೂಗಿ ಚೀಟಿ ಬರೆಯುವುದು ನನ್ನ ಕೆಲಸ. ಖಾಲಿ ಗೋಣಿ ಒಂದು ಕೆಜಿಯೂ ಬರುವುದಿಲ್ಲ. ನಾನು ಎರಡು ಕೆಜಿ ಕಳೆಯುತ್ತಿದ್ದೆ. ಹಾಗೆ ಉಳಿದ ತೂಕವನ್ನು ಇಲ್ಲದ ಆಳಿನ ಹೆಸರಿಗೆ ಬರೆದು, ಬಟವಾಡೆಯ ದಿನ ಆ ದುಡ್ಡು ನಾನೇ ಎತ್ತುತ್ತಿದ್ದೆ. ಧಣಿಗೆ ಒಟ್ಟು ಲೆಕ್ಕ ಸರಿಯಾಗಿಯೇ ಕಾಣುತ್ತಿತ್ತು. ಭಾನುವಾರ ಚರ್ಚಿನ ಬಲಿಪೂಜೆ ತಪ್ಪಿಸುತ್ತಿರಲಿಲ್ಲ, ಯೇಸುವಿನ ದೇಹವೆಂದು ಸ್ವೀಕರಿಸುವ ಪರಮಪ್ರಸಾದದ ಸಾಲಿಗೆ ಮಾತ್ರ ಹೋಗುತ್ತಿರಲಿಲ್ಲ. ಹೆಂಡತಿ ಕೇಳಿದರೆ ‘ಈಗತಾನೆ ತಿಂಡಿ ತಿಂದೆ, ಉಪವಾಸ ಮುರಿಯಿತು’ ಅನ್ನುತ್ತಿದ್ದೆ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಶುಕ್ರವಾರಗಳಲ್ಲಿ, ಯೇಸು ಶಿಲುಬೆ ಹೊತ್ತು ನಡೆದದ್ದನ್ನು ನೆನೆಯುವ ಶಿಲುಬೆಹಾದಿ ಇರುತ್ತದಲ್ಲ, ಅದರ 14 ಸ್ಥಳಗಳಲ್ಲಿ 3, 7, 9ರಲ್ಲಿ ಯೇಸು ಬೀಳುತ್ತಾರೆ. ‘ನಾವೂ ಬಿದ್ದಾಗ ಏಳೋಣ’ ಎಂದು ಎಲ್ಲರ ಜೊತೆ ನಾನೂ ಹೇಳುತ್ತಿದ್ದೆ. ಒಂದು ಸಲ ಆ ಮಾತು ಬಾಯಿಗೆ ಬರಲೇ ಇಲ್ಲ. ನಾನು ಎಡವಿ ಬಿದ್ದವನಲ್ಲ, ಪ್ರತಿ ಸಂಜೆ ಪೆನ್ನು ಹಿಡಿದು ಲೆಕ್ಕ ಹಾಕಿಯೇ ಬಿದ್ದವನು.

ಗುರುಗಳ ಮುಂದೆ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಗೆ ಮುಂಚೆ ಆತ್ಮಶೋಧನೆಗೆ ಕೂತಾಗ ಪ್ರಾರ್ಥನೆ ಪುಸ್ತಕದ ಜೊತೆ ಹಳೇ ಹಾಜರಿ ಪುಸ್ತಕವನ್ನೂ ತೆಗೆದಿಟ್ಟುಕೊಂಡೆ. ಗಂಭೀರ ಪಾಪವನ್ನು ‘ಏನೋ ತಪ್ಪಾಯ್ತು’ ಎಂದು ತೇಲಿಸುವಂತಿಲ್ಲ. ಏನು ಮಾಡಿದೆ, ಎಷ್ಟು ಸಲ ಎಂದು ಹೇಳಬೇಕು. ನಮ್ಮ ಧರ್ಮಕೇಂದ್ರದ ಗುರುಗಳಿಗೆ ನನ್ನ ದನಿ ಗೊತ್ತು ಎಂದು ಚಿಕ್ಕಮಗಳೂರಿನ ಸಂತ ಜೋಸೆಫರ ಪ್ರಧಾನಾಲಯಕ್ಕೆ ಬಸ್ಸು ಹತ್ತಿದೆ. ಯಾವ ಗುರುವೂ ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಆಡುವಂತಿಲ್ಲ. ಅದು ಗೊತ್ತಿದ್ದೂ ಹೋದದ್ದು ಬರೀ ನಾಚಿಕೆಗೆ.

ಪಶ್ಚಾತ್ತಾಪದ ಪ್ರಾರ್ಥನೆ ಅರ್ಧಕ್ಕೇ ಮರೆತುಹೋಯಿತು, ಫಾದರ್ ಹೇಳಿಕೊಟ್ಟರು. ಬೈಯಲಿಲ್ಲ. ಅವರು ಕೇಳಿದ ಮೊದಲ ಪ್ರಶ್ನೆ: “ದುಡ್ಡು ವಾಪಸ್ ಕೊಡ್ತೀಯೇನಪ್ಪಾ?”

ಕೊಡುತ್ತೇನೆ ಅಂದೆ. ಕೊಡುವ ಮನಸ್ಸೇ ಇಲ್ಲದಿದ್ದರೆ ಪಶ್ಚಾತ್ತಾಪಕ್ಕೆ ಅರ್ಥವೆಲ್ಲಿ? ಬೈಬಲಿನ ಸುಂಕದವ ಜಕ್ಕಾಯ ಮೋಸದಿಂದ ತೆಗೆದುಕೊಂಡಿದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದಿದ್ದ. ನನ್ನಿಂದ ಅವರು ಕೇಳಿದ್ದು ತೆಗೆದುಕೊಂಡಷ್ಟೇ. ಊರಿಗೆಲ್ಲ ಡಂಗುರ ಸಾರಬೇಕಿಲ್ಲ, ಆದರೆ ಸೇರಬೇಕಾದವರಿಗೆ ಸೇರಲಿ, ಆಳು ಸಿಗದಿದ್ದರೆ ಬಡವರಿಗೆ ಹೋಗಲಿ ಅಂದರು. ಕೊಟ್ಟು ಮುಗಿಯುವವರೆಗೆ ದಿನಾ ಬೈಬಲಿನ ಕೀರ್ತನೆ 51 ಓದಬೇಕು. ಬಡವನ ಒಂದೇ ಕುರಿಮರಿಯನ್ನು ಕಿತ್ತುಕೊಂಡ ಸಾಹುಕಾರನ ಕಥೆ ಹೇಳಿ ನಾತಾನ್ ಪ್ರವಾದಿ ತಪ್ಪು ಮಾಡಿದ ರಾಜ ದಾವೀದನನ್ನು ಎಚ್ಚರಿಸಿದ ನಂತರದ, ಪಶ್ಚಾತ್ತಾಪದ ಕೀರ್ತನೆ ಅದು. ನನಗೆ ಬೇಕೆಂದೇ ಆರಿಸಿಕೊಟ್ಟರೋ ಏನೋ.

ಬೈಕು ಮಾರಿದೆ. ಹೊರ ಜಿಲ್ಲೆಗಳಿಂದ ಬಂದಿದ್ದವರಲ್ಲಿ ಹಲವರು ಆಗಲೇ ಊರಿಗೆ ಹೋಗಿದ್ದರು. ಅವರ ಪಾಲನ್ನು ಕಾಯಿಲೆ ಬಿದ್ದಿದ್ದ ಒಂದು ಕುಟುಂಬಕ್ಕೆ ಕೊಟ್ಟೆ. ತೋಟದ ಆಳುಗಳ ಲೈನ್ ಮನೆಯಲ್ಲಿದ್ದವರಿಗೆ ‘ಹಳೇ ಬಾಕಿ’ ಎಂದು ಹಂಚತೊಡಗಿದೆ. ಒಬ್ಬ ಅಕ್ಕ ಮಾತ್ರ ನೋಟು ಮುಟ್ಟದೆ, “ಯಾವ ಬಾಕಿ ರೈಟರ್ರೇ?” ಅಂದಳು. ಹೇಳಿಬಿಟ್ಟೆ. ಗೋಣಿಯ ತೂಕ, ಇಲ್ಲದ ಹೆಸರು, ಎಲ್ಲ.

“ಗೊತ್ತಿತ್ತು ಬಿಡಿ. ಕೆಲಸ ಬೇಕಿತ್ತು, ಬಾಯಿ ಮುಚ್ಕೊಂಡಿದ್ದೆ.”

ನೋಟನ್ನು ಎರಡು ಸಲ ಎಣಿಸಿ ಸೆರಗಿಗೆ ಗಂಟು ಹಾಕಿ ಒಳಗೆ ಹೋದಳು. ಕ್ಷಮಿಸಿದೆ ಅನ್ನಲಿಲ್ಲ. ಅನ್ನಲೇಬೇಕೆಂದು ನಾನು ಕೇಳುವುದಾದರೂ ಹೇಗೆ?

ಆ ಮಾತು ಕೊರೆಯುತ್ತಲೇ ಇತ್ತು. ಮತ್ತೆ ಪಾಪನಿವೇದನೆಗೆ ಹೋದಾಗೆಲ್ಲ ಅದೇ ಕಳ್ಳತನವನ್ನು ಹೇಳಿಕೊಂಡೆ. ಕೊನೆಗೆ ನಮ್ಮೂರ ಗುರುಗಳೇ ತಡೆದರು: “ದೇವರು ಕ್ಷಮಿಸಿಯಾಯ್ತು. ನಿನ್ನ ಕೋರ್ಟಲ್ಲಿ ಯಾಕಪ್ಪಾ ಇನ್ನೂ ಕೇಸು?” ಯೋವಾನ್ನನ ಶುಭಸಂದೇಶದ 21ನೇ ಅಧ್ಯಾಯ ಓದಲು ಹೇಳಿದರು. ಮೂರು ಸಲ ‘ಆತನನ್ನು ಅರಿಯೆ’ ಅಂದ ಶಿಷ್ಯ ಪೇತ್ರನಿಗೆ ಯೇಸು ಮೂರು ಸಲ ಕೇಳುವುದು ‘ನನ್ನನ್ನು ಪ್ರೀತಿಸುತ್ತೀಯಾ?’ ಎಂದಷ್ಟೆ. ಪ್ರತಿ ಸಲವೂ ಕುರಿ ಕಾಯುವ ಕೆಲಸ ಒಪ್ಪಿಸುತ್ತಾರೆ. ಜಾರಿದವನ ಕೈಗೇ ಮತ್ತೆ ಕೆಲಸ ಕೊಡುವುದನ್ನು ಓದಿದ ಮೇಲೆ, ರೈಟರ್ ಕೆಲಸ ಬಿಟ್ಟು ಹೋಗುವ ಯೋಚನೆ ಕೈಬಿಟ್ಟೆ.

ಧಣಿಗೆ ಸುಳ್ಳು ಹೆಸರಿನ ವಿಷಯ ಹೇಳಿದೆ. ಒಂದು ವಾರ ಮಾತು ಬಿಟ್ಟರು, ಆಮೇಲೆ ಬಟವಾಡೆ ಹಣವನ್ನು ತಾವೇ ಕೊಡಲು ಶುರು ಮಾಡಿದರು. ಅದು ಸರಿಯೇ. ತೂಕ ನನ್ನ ಕೈಯಲ್ಲೇ ಇದೆ. ಈಗ ಮೊದಲು ಖಾಲಿ ಗೋಣಿಯನ್ನು ಎಲ್ಲರೆದುರು ತೂಗುತ್ತೇನೆ. ಕತ್ತಲಾಗುತ್ತೆ ಎಂದು ಮೇಸ್ತ್ರಿ ಗೊಣಗುತ್ತಾನೆ. ಆ ಅಕ್ಕ ತನ್ನ ಚೀಲವನ್ನು ಇನ್ನೊಂದು ಸಲ ತೂಗಿಸದೆ ಬಿಡುವುದಿಲ್ಲ.