ಓಟಕ್ಕೆಂದು ಕದ್ದ ನಿದ್ದೆ

ತೂಕ 84 ಕಿಲೋ ಮುಟ್ಟಿದಾಗ ನಾನು ಮೊದಲು ಮಾಡಿದ್ದು ಬೆಳಗಿನ ನಾಲ್ಕೂವರೆಗೆ ಅಲಾರಂ ಇಟ್ಟದ್ದು. ಮಲಗುತ್ತಿದ್ದದ್ದು ಮಾತ್ರ ಎಂದಿನಂತೆ ಹನ್ನೊಂದೂವರೆಗೇ. ಐದು ಗಂಟೆ ನಿದ್ದೆ, ಐದು ಕಿಲೋಮೀಟರ್ ಓಟ. ಎರಡು ತಿಂಗಳು ಒಂದು ದಿನವೂ ತಪ್ಪಿಸಲಿಲ್ಲ. ಕೊನೆಗೆ ನೋಡಿದರೆ ತೂಕ ಅರ್ಧ ಕಿಲೋ ಏರಿತ್ತು! ಸ್ನಾಯು ಬೆಳೆದಿರಬೇಕು ಅಂದುಕೊಂಡೆ. ಬೆಲ್ಟು ಮಾತ್ರ ಹಳೆಯ ತೂತಿನಲ್ಲೇ ಇತ್ತು.

ಆಮೇಲೆ ತಿಂದದ್ದನ್ನೆಲ್ಲ ಬರೆದಿಡತೊಡಗಿದೆ. ಓಡಿ ಬಂದ ಮೇಲೆ ಒಂದು ಗಂಟೆ ಹಸಿವೇ ಇರುತ್ತಿರಲಿಲ್ಲ. ಜೋರಾಗಿ ಓಡಿದಾಗ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಸ್ವಲ್ಪ ಹೊತ್ತು ತಗ್ಗುತ್ತದೆ. ಎಡವಟ್ಟೆಲ್ಲ ಸಂಜೆ ನಾಲ್ಕರ ನಂತರ: ಸಿಹಿ, ಕರಿದದ್ದು, ಮತ್ತೆ ಸಿಹಿ. ನನ್ನ ತೂಕದವರು ಐದು ಕಿಲೋಮೀಟರ್ ಓಡಿದರೆ ಖರ್ಚಾಗುವುದು ಸುಮಾರು 400 ಕ್ಯಾಲೊರಿ. ಅಷ್ಟನ್ನು ನಾನು ನಿಂತಲ್ಲೇ ಹತ್ತು ನಿಮಿಷದಲ್ಲಿ ಬಾಯಿಗೆ ಹಾಕಿಕೊಳ್ಳುತ್ತಿದ್ದೆ.

ಇದೆಲ್ಲ ನಾಲಗೆ ಚಪಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಷಿಕಾಗೊ ವಿಶ್ವವಿದ್ಯಾಲಯದ 2004ರ ಪ್ರಯೋಗದ ಬಗ್ಗೆ ಓದಿದ ಮೇಲೆ ಬೈಗುಳ ನಿಲ್ಲಿಸಿದೆ. 12 ಆರೋಗ್ಯವಂತ ಯುವಕರನ್ನು ಎರಡು ರಾತ್ರಿ ನಾಲ್ಕೇ ಗಂಟೆ ಮಲಗಲು ಬಿಟ್ಟಿದ್ದರು. ಹತ್ತು ಗಂಟೆ ಮಲಗಿದಾಗಿನ ಲೆಕ್ಕಕ್ಕೆ ಹೋಲಿಸಿದರೆ, ‘ಸಾಕು’ ಎಂದು ಮಿದುಳಿಗೆ ಹೇಳುವ ಲೆಪ್ಟಿನ್ ಶೇ 18ರಷ್ಟು ಇಳಿದಿತ್ತು, ಗ್ರೆಲಿನ್ ಶೇ 28ರಷ್ಟು ಏರಿತ್ತು. ಅವರಿಗೂ ಹೆಚ್ಚು ಬೇಕೆನಿಸಿದ್ದು ಸಿಹಿ, ಉಪ್ಪು, ಹಿಟ್ಟಿನ ತಿನಿಸುಗಳೇ. ಅಲ್ಲಿನವರೇ 2010ರಲ್ಲಿ ಪ್ರಕಟಿಸಿದ ಇನ್ನೊಂದು ಅಧ್ಯಯನ ನನ್ನನ್ನು ಇನ್ನೂ ಹೆದರಿಸಿತು. ಪಥ್ಯದಲ್ಲಿದ್ದವರ ತೂಕ, ನಿದ್ದೆ ಕಡಿಮೆ ಮಾಡಿದಾಗಲೂ ಹೆಚ್ಚು ಕಡಿಮೆ ಅಷ್ಟೇ ಇಳಿದಿತ್ತು. ಆದರೆ ಕರಗಿದ ಕೊಬ್ಬು ಅರ್ಧಕ್ಕಿಂತ ಕಡಿಮೆ, ಹೋದದ್ದು ಹೆಚ್ಚಾಗಿ ಮೈಯ ಮಾಂಸ. ಅಂದರೆ ತಿನ್ನುವುದನ್ನು ಬಿಗಿಹಿಡಿದಿದ್ದರೂ ನನ್ನ ಲೆಕ್ಕ ತಪ್ಪುತ್ತಿತ್ತು.

ಹತ್ತಕ್ಕೆ ಮಲಗಿ ಐದೂವರೆಗೆ ಏಳಲು ಶುರುಮಾಡಿದೆ. ಓಟ ವಾರಕ್ಕೆ ಮೂರೇ ದಿನ, ಉಳಿದ ದಿನ ನಡಿಗೆ. ಮೊದಲ ವಾರ ಸೂರು ನೋಡುತ್ತ ಬಿದ್ದಿದ್ದೇ ಹೆಚ್ಚು. ಮಧ್ಯಾಹ್ನದ ನಂತರ ಕಾಫಿ ಬಿಟ್ಟೆ, ಫೋನನ್ನು ಪಕ್ಕದ ಕೋಣೆಯಲ್ಲಿಟ್ಟೆ. (ಫೋನಿಗಿಂತ ಕಾಫಿ ಬಿಡುವುದೇ ಕಷ್ಟವಾಯಿತು.) ಹತ್ತು ಹನ್ನೆರಡು ದಿನ ಕಳೆದ ಮೇಲೆ ಒಂದು ಸಂಜೆ ಆರು ಗಂಟೆಯಾದರೂ ಡಬ್ಬದ ಕಡೆ ಕೈ ಹೋಗಿರಲಿಲ್ಲ. ಅದು ಗಮನಕ್ಕೆ ಬಂದದ್ದೂ ರಾತ್ರಿ ಬರೆಯಲು ಕುಳಿತಾಗಲೇ.

ನಾಲ್ಕು ತಿಂಗಳಲ್ಲಿ ಐದು ಕಿಲೋ ಇಳಿದೆ, ಮೊದಲಿಗಿಂತ ಕಡಿಮೆ ಓಡಿ. ಇದರಲ್ಲಿ ನಿದ್ದೆಯ ಪಾಲೆಷ್ಟು, ತಿಂದದ್ದನ್ನು ಬರೆದಿಟ್ಟದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲಾರೆ. ಈಗ ಮಲಗುವುದು ತಡವಾದ ರಾತ್ರಿ ಅಲಾರಂ ತೆಗೆದುಬಿಡುತ್ತೇನೆ. ಓಟ ಸಂಜೆಗೆ, ಇಲ್ಲವೇ ಮಾರನೆಯ ದಿನಕ್ಕೆ.